ಕಾರ್ಡೂ ಸರಿ, ಬೋರ್ಡೂ ಸರಿ, ಸ್ಕ್ರೀನ್ ಮಾತ್ರ ಕಪ್ಪು

ಹೊಸ ಗ್ರಾಫಿಕ್ಸ್ ಕಾರ್ಡ್ ಕೂರಿಸಿ ಪವರ್ ಬಟನ್ ಒತ್ತಿದೆ. ಕ್ಯಾಬಿನೆಟ್ಟಿನ ಫ್ಯಾನುಗಳು ತಿರುಗಿದವು, ಪ್ರೊಸೆಸರ್ ಮೇಲಿನದೂ ತಿರುಗಿತು, ಕಾರ್ಡಿನ ಫ್ಯಾನುಗಳು ಒಮ್ಮೆ ಜೋರಾಗಿ ಸುತ್ತಿ ನಿಂತುಬಿಟ್ಟವು. ಮಾನಿಟರಿನಲ್ಲಿ ‘ನೋ ಸಿಗ್ನಲ್’. ಸ್ವಲ್ಪ ಹೊತ್ತಿಗೆ ಆ ಅಕ್ಷರವೂ ಹೋಗಿ ಮಾನಿಟರ್ ತಾನೇ ಆಫ್ ಆಯಿತು.

ಈ ಸ್ಥಿತಿಯಲ್ಲಿ ಯಾರನ್ನು ಕೇಳಿದರೂ ಬರುವ ಮೊದಲ ಉತ್ತರ ‘ಕಾರ್ಡ್ ಡೆಡ್’. ಹೇಳುವವರಿಗೆ ಸುಲಭ, ಕೇಳುವವರಿಗೂ ಒಂದು ಥರ ಸಮಾಧಾನ. ವಾಪಸ್ ಕೊಟ್ಟರಾಯಿತು, ಕಾದರಾಯಿತು. ನನಗೆ ಕಾಯುವ ಪರಿಸ್ಥಿತಿ ಇರಲಿಲ್ಲ. ನನ್ನದು ಮದುವೆ ವಿಡಿಯೊ ಎಡಿಟಿಂಗ್ ಕೆಲಸ, ಹನುಮಂತನಗರದ ಮನೆಯಲ್ಲೇ ಒಂದು ಕೋಣೆ. ವೈಶಾಖದ ಮುಹೂರ್ತಗಳೆಲ್ಲ ಮುಗಿದು ಹಾರ್ಡ್ ಡಿಸ್ಕುಗಳು ತುಂಬಿ ಕೂತಿದ್ದವು. ಒಬ್ಬ ಹೆಣ್ಣಿನ ತಂದೆಯಂತೂ ಫೋನ್ ಮಾಡಿ, “ಏನಪ್ಪಾ, ಮಗಳು ಗೌರಿ ಬಾಗಿನ ತಗೊಳ್ಳೋಕೆ ತವರಿಗೆ ಬರೋ ಹೊತ್ತಿಗಾದ್ರೂ ವಿಡಿಯೊ ಕೊಡ್ತೀಯೋ ಇಲ್ವೋ?” ಎಂದು ಕೇಳಿದ್ದರು.

ಯಂತ್ರದ ವಿವರ ಹೇಳಿಬಿಡುತ್ತೇನೆ, ಮುಂದಿನದು ಅರ್ಥವಾಗಲು ಬೇಕು. ರೈಜನ್ 5 3600 ಪ್ರೊಸೆಸರ್, ಬಿ450 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 2019ರಲ್ಲಿ ಜೋಡಿಸಿದ್ದು. ಅದರಲ್ಲಿದ್ದದ್ದು ಜಿಟಿಎಕ್ಸ್ 1050 ಟಿಐ, 4 ಜಿಬಿ ಕಾರ್ಡ್. ಫುಲ್ ಎಚ್‌ಡಿ ಕಾಲದಲ್ಲಿ ಅದು ಚಿನ್ನದಂಥ ಕಾರ್ಡ್. ಈಗ ಎಲ್ಲರೂ 4ಕೆ ಕೇಳುತ್ತಾರೆ. ಕಲ್ಯಾಣ ಮಂಟಪದ ಊಟದ ಹಾಲಿನ ಮಂದ ಬೆಳಕಲ್ಲಿ ತೆಗೆದ ಶಾಟುಗಳಿಗೆ ನಾಯ್ಸ್ ರಿಡಕ್ಷನ್ ಹಾಕಿದ ಕೂಡಲೇ ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ‘ಜಿಪಿಯು ಮೆಮೊರಿ ಫುಲ್’ ಎಂದು ಕೈಯೆತ್ತುತ್ತಿತ್ತು. ಅದಕ್ಕೇ 16 ಜಿಬಿಯ ಹೊಸ ಕಾರ್ಡ್ ತಂದದ್ದು. ಅದು ಯಾವ ಕಂಪನಿಯದು, ಬೋರ್ಡ್ ಯಾವ ಕಂಪನಿಯದು ಎಂದು ಬರೆಯುವುದಿಲ್ಲ. ಬರೆದರೆ ಮಾತೆಲ್ಲ ಅತ್ತ ಹೋಗುತ್ತದೆ, ತೊಂದರೆ ಇದ್ದದ್ದು ಬೇರೆ ಕಡೆ.

ಕಾರ್ಡಿನ ಜೊತೆ, ಯಂತ್ರದ ಭಾಗಗಳಿಗೆಲ್ಲ ಕರೆಂಟ್ ಕೊಡುವ 650 ವ್ಯಾಟಿನ ಹೊಸ ಎಸ್‌ಎಂಪಿಎಸ್ ಕೂಡ ತಂದಿದ್ದೆ. ಲೆಕ್ಕ ಸರಳ. ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಿಂದ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಸಿಗುತ್ತದೆ. 1050 ಟಿಐಗೆ ಅಷ್ಟೇ ಸಾಕಾಗಿತ್ತು, ಬೇರೆ ವೈರೇ ಬೇಕಿರಲಿಲ್ಲ. ಹೊಸ ಕಾರ್ಡಿಗೆ 180 ವ್ಯಾಟ್ ಬೇಕು. ಹಳೆಯ 450 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆಂದು ಇದ್ದದ್ದು ಒಂದೇ 6 ಪಿನ್ ಕನೆಕ್ಟರ್, ಅದರಿಂದ ಇನ್ನೊಂದು 75. ಎರಡೂ ಸೇರಿದರೆ 150, ಸಾಲದು. 8 ಪಿನ್ ಕನೆಕ್ಟರಿನಿಂದ 150 ವ್ಯಾಟ್ ಸಿಗುತ್ತದೆ, ಸ್ಲಾಟಿನದು ಸೇರಿ 225, ಆರಾಮ.

ಮೊದಲು ಕೈಗೆ ಸುಲಭವಾಗಿ ಸಿಗುವುದನ್ನೆಲ್ಲ ನೋಡಿದೆ. ಎಚ್‌ಡಿಎಂಐ ಕೇಬಲ್ ಕಾರ್ಡಿಗೇ ಚುಚ್ಚಿದೆಯಾ, ಬೋರ್ಡಿಗಾ? ರೈಜನ್ 3600ರೊಳಗೆ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಬೋರ್ಡಿನ ಹಿಂದೆ ಎಚ್‌ಡಿಎಂಐ ಕಿಂಡಿ ಇದ್ದರೂ ಅದು ಬರೀ ಅಲಂಕಾರ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರುಗಳದ್ದೂ ಇದೇ ಕಥೆ. ಮಾನಿಟರಿನ ಇನ್‌ಪುಟ್ ಸರಿಯಾದ ಕಡೆ ಇದೆಯಾ? ಕಾರ್ಡಿನ ಕಿಂಡಿಗಳಿಗೆ ಹಾಕಿ ಬರುವ ಪ್ಲಾಸ್ಟಿಕ್ ಮುಚ್ಚಳ, ಚಿನ್ನದ ಬಣ್ಣದ ಅಂಚಿಗೆ ಸಿಕ್ಕಿಸಿರುವ ರಕ್ಷಣೆಯ ಪಟ್ಟಿ ತೆಗೆದಿದೆಯಾ? ಸ್ಲಾಟಿನ ತುದಿಯ ಲಾಚ್ ‘ಟಕ್’ ಎಂದು ಕೂತಿದೆಯಾ? ದೊಡ್ಡ ಕಾರ್ಡುಗಳು ಭಾರಕ್ಕೆ ಜಗ್ಗುತ್ತವೆ, ಸ್ಕ್ರೂ ಬಿಗಿ ಮಾಡುವಾಗ ಹಿಂದಿನ ತುದಿ ಒಂದು ಕೂದಲೆಳೆಯಷ್ಟು ಮೇಲೇಳುವುದೂ ಉಂಟು. ತೆಗೆದು ಮತ್ತೆ ಕೂರಿಸಿದೆ. ಎಲ್ಲ ಸರಿಯಿತ್ತು, ಸ್ಕ್ರೀನ್ ಕಪ್ಪಾಗೇ ಇತ್ತು.

ವೈರಿನ ವಿಷಯದಲ್ಲಿ ಮಾತ್ರ ಒಂದು ಮಾತು ನಿಂತು ಹೇಳಬೇಕು. ಎಸ್‌ಎಂಪಿಎಸ್‌ನಿಂದ 8 ಪಿನ್ನಿನ ಎರಡು ಜಾತಿಯ ತುದಿಗಳು ಬರುತ್ತವೆ. 6+2 ಎಂದು ಬಿಡಿಸಿಕೊಳ್ಳುವುದು ಗ್ರಾಫಿಕ್ಸ್ ಕಾರ್ಡಿಗೆ, 4+4 ಎಂದು ಬಿಡಿಸಿಕೊಳ್ಳುವುದು ಪ್ರೊಸೆಸರಿಗೆ. ನೋಡಲು ಅಣ್ಣತಮ್ಮಂದಿರು, ಆದರೆ ಒಂದರಲ್ಲಿ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದರ ಗ್ರೌಂಡ್ ಇರುತ್ತದೆ. ಬಲ ಹಾಕಿ ತುರುಕಿದರೆ ನಿಜವಾಗಿಯೂ ಕಾರ್ಡ್ ಡೆಡ್ ಆಗುತ್ತದೆ. ಇನ್ನು ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದರೆ ಹಳೆಯದರ ಕೇಬಲನ್ನು ಹೊಸದಕ್ಕೆ ಹಾಕಲೇಬಾರದು. ಎಸ್‌ಎಂಪಿಎಸ್ ಕಡೆಯ ತುದಿಯ ಪಿನ್ ಜೋಡಣೆಗೆ ಎಲ್ಲ ಕಂಪನಿಗಳಿಗೂ ಒಪ್ಪಿತವಾದ ನಿಯಮವಿಲ್ಲ. ತುದಿ ಸರಿಯಾಗಿ ಕೂತಿತು ಎಂದ ಮಾತ್ರಕ್ಕೆ ಒಳಗಿನ ವೈರುಗಳು ಸರಿಯಾದ ಜಾಗಕ್ಕೆ ಹೋಗಿವೆ ಎಂದಲ್ಲ.

ಫ್ಯಾನ್ ತಿರುಗಿ ನಿಂತದ್ದು ಮೊದಲಿಗೆ ನನಗೂ ಕೆಟ್ಟ ಶಕುನದಂತೆ ಕಂಡಿತು. ಈಗಿನ ಕಾರ್ಡುಗಳಲ್ಲಿ ಬಹಳಷ್ಟು, ಬಿಸಿಯಾಗುವ ತನಕ ಫ್ಯಾನನ್ನೇ ತಿರುಗಿಸುವುದಿಲ್ಲ. ಹಾಗಾಗಿ ನಿಂತ ಫ್ಯಾನ್ ಏನನ್ನೂ ಹೇಳುವುದಿಲ್ಲ. ತಿರುಗುವ ಫ್ಯಾನೂ ಅಷ್ಟೇ, ಕರೆಂಟ್ ಬಂದಿದೆ ಎಂದಷ್ಟೇ ಅದರ ಅರ್ಥ.

ಇಲ್ಲಿಂದ ಮುಂದೆ ನಾನು ಪ್ರಶ್ನೆ ಬದಲಾಯಿಸಿದೆ. ‘ಏನು ಕೆಟ್ಟಿದೆ’ ಎಂದು ಕೇಳುವ ಬದಲು ‘ಎಲ್ಲಿಯ ತನಕ ಹೋಗಿ ನಿಂತಿದೆ’ ಎಂದು ಕೇಳಬೇಕು. ಬಟನ್ ಒತ್ತಿದ ಮೇಲೆ ಬೋರ್ಡ್ ಮೊದಲು ಪ್ರೊಸೆಸರನ್ನು ಎಬ್ಬಿಸುತ್ತದೆ, ರ‍್ಯಾಮ್ ನೋಡುತ್ತದೆ, ಆಮೇಲೆ ಗ್ರಾಫಿಕ್ಸ್ ಕಾರ್ಡನ್ನು ಮಾತಾಡಿಸುತ್ತದೆ, ಕೊನೆಗೆ ಡಿಸ್ಕಿಗೆ ಹೋಗಿ ವಿಂಡೋಸನ್ನು ಕರೆಯುತ್ತದೆ. ಕಪ್ಪು ಸ್ಕ್ರೀನ್ ಈ ಸಾಲಿನ ಯಾವ ಹಂತದಲ್ಲಿ ನಿಂತರೂ ಒಂದೇ ಥರ ಕಾಣುತ್ತದೆ. ವಿಂಡೋಸ್ ಪೂರ್ತಿ ಬಂದು ಕೂತಿದ್ದು ಚಿತ್ರ ಮಾತ್ರ ಹೊರಗೆ ಬರದಿರುವುದೂ ಸಾಧ್ಯ. ಅದನ್ನು ತಿಳಿಯಲು ದುಡ್ಡು ಬೇಡ, ಕೀಬೋರ್ಡಿನ ನಮ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಒಳಗೆ ಜೀವವಿದೆ. ನನ್ನದರಲ್ಲಿ ಎಷ್ಟು ಒತ್ತಿದರೂ ದೀಪ ಅಲುಗಲಿಲ್ಲ.

ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ಎಲ್‌ಇಡಿಗಳಿವೆ, ಪಕ್ಕದಲ್ಲಿ ಸಿಪಿಯು, ಡ್ರಾಮ್, ವಿಜಿಎ, ಬೂಟ್ ಎಂದು ಇರುವೆಯಷ್ಟು ಅಕ್ಷರ. ಕ್ಯಾಬಿನೆಟ್ ಬಾಗಿಲು ಮುಚ್ಚಿಯೇ ವರ್ಷಗಟ್ಟಲೆ ಕೆಲಸ ಮಾಡಿದ್ದರಿಂದ ಅವುಗಳತ್ತ ಗಮನವೇ ಹೋಗಿರಲಿಲ್ಲ. ಬಾಗಿಲು ತೆಗೆದು ಕೋಣೆಯ ದೀಪ ಆರಿಸಿ ನೋಡಿದೆ. ಸಿಪಿಯು ಹತ್ತಿ ಆರಿತು, ಡ್ರಾಮ್ ಹತ್ತಿ ಆರಿತು, ವಿಜಿಎ ಹತ್ತಿತು. ಆರಲೇ ಇಲ್ಲ. ಅಂದರೆ ಬೋರ್ಡ್ ಕಾರ್ಡಿನ ಬಾಗಿಲ ತನಕ ಹೋಗಿ ಅಲ್ಲೇ ನಿಂತಿದೆ. ಇಂಥ ಎಲ್‌ಇಡಿ ಇಲ್ಲದ ಬೋರ್ಡುಗಳಿಗೆ ಗುಂಡಿಯಷ್ಟು ಚಿಕ್ಕ ಸ್ಪೀಕರ್ ಸಿಕ್ಕಿಸಿ ಬೀಪ್ ಎಣಿಸುವುದು ಹಳೆಯ ಪದ್ಧತಿ, ಈಗಲೂ ನಡೆಯುತ್ತದೆ.

ಕಾರ್ಡ್ ತೆಗೆದು ಹಳೆಯ 1050 ಟಿಐ ಹಾಕಿದೆ. ಡಿಸ್ಪ್ಲೇ ಬಂತು, ವಿಂಡೋಸೂ ಬಂತು. ಮಾನಿಟರ್, ಕೇಬಲ್, ಸ್ಲಾಟ್, ರ‍್ಯಾಮ್ ಎಲ್ಲವೂ ಸರಿ ಎಂದಾಯಿತು. ಆದರೆ ಹೊಸ ಎಸ್‌ಎಂಪಿಎಸ್‌ನ 8 ಪಿನ್ ವೈರಿನ ಬಗ್ಗೆ ಈ ಪರೀಕ್ಷೆ ಏನೂ ಹೇಳುವುದಿಲ್ಲ, ಏಕೆಂದರೆ 1050 ಟಿಐ ಆ ವೈರನ್ನು ಮುಟ್ಟುವುದೇ ಇಲ್ಲ. ಉಳಿದ ಅನುಮಾನ ಎರಡು, ಒಂದೋ ಕಾರ್ಡ್, ಇಲ್ಲವೇ ಆ ವೈರು.

ಅಂಗಡಿಗೆ ಫೋನ್ ಮಾಡಿದೆ. “ಡಿಸ್ಪ್ಲೇ ಇಲ್ಲ ಅಂದ್ರೆ ಕಾರ್ಡ್ ಡೆಡ್ಡೇ ಸರ್. ತಗೊಂಡ್ ಬನ್ನಿ, ಆರ್‌ಎಂಎಗೆ ಹಾಕ್ತೀನಿ. ಹದಿನೈದ್ ದಿನ ಆಗ್ಬೋದು, ತಿಂಗ್ಳೂ ಆಗ್ಬೋದು. ಬಿಲ್ಲು, ಡಬ್ಬಾ ಎಲ್ಲಾ ಇರ್ಬೇಕು,” ಎಂದ ಹುಡುಗ. ಆರ್‌ಎಂಎ ಎಂದರೆ ಕಂಪನಿಗೆ ವಾಪಸ್ ಕಳಿಸಿ ರಿಪೇರಿಯೋ ಬದಲಿಯೋ ಪಡೆಯುವುದು. ಕಾರ್ಡ್ ಜೊತೆ ಎಸ್‌ಎಂಪಿಎಸ್ಸನ್ನೂ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡೆ. ಅನುಮಾನ ಎರಡರ ಮೇಲೂ ಇದ್ದಮೇಲೆ ಎರಡೂ ಹೋಗಬೇಕಲ್ಲ.

ಎಸ್.ಪಿ. ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ. ಬೆಂಗಳೂರಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸುವ ಯಾರಿಗೂ ವಿಳಾಸ ಹೇಳಬೇಕಾಗಿಲ್ಲ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು ನಡೆದೆ. ಬ್ಯಾಗ್ ಸ್ಕ್ಯಾನ್ ಮಾಡುವ ಹುಡುಗಿ ಎಸ್‌ಎಂಪಿಎಸ್ ಆಕಾರ ನೋಡಿ, “ಏನ್ ಸರ್ ಇದು?” ಎಂದಳು. ತೆಗೆದು ತೋರಿಸಬೇಕಾಯಿತು. ಭಾನುವಾರ ಹೋದರೆ ಅಲ್ಲಿ ಬಾಗಿಲು ಹಾಕಿದ ಅಂಗಡಿಗಳೇ ಹೆಚ್ಚು. ವಾರದ ದಿನ ಹೋದರೆ ಕೈಗಾಡಿ, ಆಟೊ, ಮಾನಿಟರ್ ಡಬ್ಬಗಳನ್ನು ತಲೆ ಮೇಲೆ ಹೊತ್ತವರ ನಡುವೆ ದಾರಿ ಮಾಡಿಕೊಳ್ಳಬೇಕು. ನಾನು ಹೋದದ್ದು ವಾರದ ದಿನ.

ಅಂಗಡಿಯ ಮೇಜಿನ ಮೇಲೆ ಕ್ಯಾಬಿನೆಟ್ಟಿಲ್ಲದೆ ಬಯಲಾಗಿ ಬಿದ್ದುಕೊಂಡಿದ್ದ ಒಂದು ಬೋರ್ಡ್ ಇತ್ತು, ಹೊಸ ಪೀಳಿಗೆಯದು. ಪರೀಕ್ಷೆಗೆಂದೇ ಇಟ್ಟದ್ದು. ಹುಡುಗ ನನ್ನ ಕಾರ್ಡ್ ಅದಕ್ಕೆ ಚುಚ್ಚಿ, ನಾನು ಹಠ ಹಿಡಿದದ್ದಕ್ಕೆ ನನ್ನ ಎಸ್‌ಎಂಪಿಎಸ್ಸೇ ಹಾಕಿ, ಸ್ಕ್ರೂಡ್ರೈವರ್ ತುದಿಯಿಂದ ಪವರ್ ಪಿನ್ನುಗಳನ್ನು ಮುಟ್ಟಿಸಿದ. ಡಿಸ್ಪ್ಲೇ ತಕ್ಷಣ ಬಂತು.

“ಕಾರ್ಡ್ ಚೆನ್ನಾಗೈತೆ ಸರ್.”

“ಮತ್ತೆ ನಮ್ಮನೇಲಿ ಬರಲ್ವಲ್ಲ?”

“ಬೋರ್ಡ್ ಹೋಗೈತೆ. ಹಳೇದಲ್ವಾ? ಬೋರ್ಡು, ಪ್ರೊಸೆಸರ್ರು, ರ‍್ಯಾಮು ಕಾಂಬೋ ರೇಟ್ ಮಾಡ್ಕೊಡ್ತೀನಿ.”

ಫೋನಿನಲ್ಲಿ ಸತ್ತಿದ್ದ ಕಾರ್ಡ್ ಮೇಜಿನ ಮೇಲೆ ಬದುಕಿತು, ಮನೆಯಲ್ಲಿ ಬದುಕಿದ್ದ ಬೋರ್ಡ್ ಇಲ್ಲಿ ಸತ್ತಿತು! ಹುಡುಗನ ಮೇಲೆ ನನಗೆ ಸಿಟ್ಟೇನೂ ಇಲ್ಲ. ದಿನಕ್ಕೆ ಎಷ್ಟೋ ಜನ ಬರುತ್ತಾರೆ, ಅವನ ಕೆಲಸ ಮಾರುವುದು. ಆದರೆ ಹಳೆಯ ಕಾರ್ಡಿನಲ್ಲಿ ಸುಖವಾಗಿ ಓಡುವ ಬೋರ್ಡ್ ಹೋಗಿದೆ ಎಂದು ಒಪ್ಪಲು ಮನಸ್ಸು ಬರಲಿಲ್ಲ.

ಅದೇ ರಸ್ತೆಯ ಒಂದು ಕಟ್ಟಡದಲ್ಲಿ, ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದ ಮೆಟ್ಟಿಲು ಹತ್ತಿ ಹೋದರೆ, ಬೋರ್ಡ್ ರಿಪೇರಿ ಮಾಡುವ ಯಜಮಾನರೊಬ್ಬರು ಕೂರುತ್ತಾರೆ. ಹಿಂದೆ ಒಮ್ಮೆ ಲ್ಯಾಪ್‌ಟಾಪ್ ತೋರಿಸಿದ್ದೆ. ಮೈಕ್ರೊಸ್ಕೋಪಿನಿಂದ ಕಣ್ಣು ತೆಗೆಯದೆಯೇ ನನ್ನ ಮಾತು ಕೇಳಿಸಿಕೊಂಡರು. ಫ್ಲಕ್ಸ್ ಸುಟ್ಟ ವಾಸನೆ ಮೂಗಿಗೆ ಅಡರುತ್ತಿತ್ತು.

“ಹಳೇ ಕಾರ್ಡ್ ನಿನ್ ಬೋರ್ಡಲ್ಲಿ ಬರುತ್ತೆ. ಹೊಸ ಕಾರ್ಡ್ ಅವ್ನ ಬೋರ್ಡಲ್ಲಿ ಬರುತ್ತೆ. ಹಂಗಾದ್ರೆ ಯಾವ್ದು ಸತ್ತಿರೋದು?”

ನಾನು ಸುಮ್ಮನಿದ್ದೆ.

“ನಿನ್ ವಿಂಡೋಸ್ ಯಾವ್ ಕಾಲದ್ದು?”

ಆ ಪ್ರಶ್ನೆ ನನಗೆ ವಿಚಿತ್ರ ಎನ್ನಿಸಿತು. ವಿಂಡೋಸ್ ಬರುವುದಕ್ಕೆ ಎಷ್ಟೋ ಮೊದಲೇ ಯಂತ್ರ ನಿಂತಿದೆಯಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ? ಆದರೂ ಹೇಳಿದೆ. ಅದಕ್ಕೂ ಹಿಂದಿನ ಯಂತ್ರದಲ್ಲಿ ವಿಂಡೋಸ್ 7 ಇತ್ತು, ಅದನ್ನೇ 10ಕ್ಕೆ ಅಪ್‌ಗ್ರೇಡ್ ಮಾಡಿದ್ದು, 2019ರಲ್ಲಿ ಈ ಬೋರ್ಡ್ ಬಂದಾಗ ಅದೇ ಎಸ್‌ಎಸ್‌ಡಿಯನ್ನು ಎತ್ತಿ ಇದಕ್ಕೆ ಹಾಕಿದ್ದು.

“ಸಿಎಸ್‌ಎಂ ಆನ್ ಇರುತ್ತೆ ನೋಡು. ಬಯಾಸ್ ಅಪ್‌ಡೇಟ್ ಮಾಡು. ಆಗ್ಲಿಲ್ಲ ಅಂದ್ರೆ ಡಿಸ್ಕ್ ಜಿಪಿಟಿ ಮಾಡಿ ಸಿಎಸ್‌ಎಂ ತೆಗಿ. ಹಳೇ ಕಾರ್ಡ್ ಮಾರ್ಬೇಡ, ಅದಿಲ್ದೆ ನಿನ್ಗೆ ಬಯಾಸ್ ಒಳಗೇ ಹೋಗೋಕಾಗಲ್ಲ.”

“ಏನ್ ಕೊಡ್ಲಿ ಸಾರ್?”

“ಏನ್ ರಿಪೇರಿ ಮಾಡ್ದೆ ಅಂತ ಕೊಡ್ತೀಯ? ಹೋಗು.”

ಅವರು ಹೇಳಿದ್ದನ್ನು ಮನೆಗೆ ಬಂದು ಓದಿ ಅರ್ಥ ಮಾಡಿಕೊಂಡದ್ದು ಹೀಗೆ. ಬಯಾಸ್ ಎಂದರೆ ಬಟನ್ ಒತ್ತಿದ ಕೂಡಲೇ ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಕೂತಿರುವ ಪ್ರೋಗ್ರಾಂ. ವಿಂಡೋಸ್ ಬರುವ ಮುಂಚೆ ಕಾಣುವ ಕಂಪನಿಯ ಲೋಗೊ, ಬಯಾಸ್ ಪರದೆ ಇವನ್ನೆಲ್ಲ ತೋರಿಸಲು ಬೋರ್ಡಿಗೆ ಕಾರ್ಡನ್ನು ನಡೆಸುವ ಒಂದು ಸಣ್ಣ ಪ್ರೋಗ್ರಾಂ ಬೇಕು. ಆ ಪ್ರೋಗ್ರಾಂ ಕಾರ್ಡಿನ ಒಳಗಿನ ಚಿಪ್ಪಿನಲ್ಲೇ ಇರುತ್ತದೆ. ಅದರಲ್ಲಿ ಎರಡು ಬಗೆ. ಒಂದು 1981ರ ಐಬಿಎಂ ಪಿಸಿಯಿಂದ ನಡೆದುಬಂದ ಬಯಾಸ್ ಸಂಪ್ರದಾಯದ್ದು, ವಿಡಿಯೊ ಬಯಾಸ್ ಎನ್ನುತ್ತಾರೆ. ಇನ್ನೊಂದು ಯುಇಎಫ್‌ಐ ಪದ್ಧತಿಯದು, ಅದರ ಹೆಸರು ಜಿಒಪಿ. ಇಂಟೆಲ್ ತನ್ನ ಇಟೇನಿಯಂ ಯಂತ್ರಗಳಿಗಾಗಿ ಶುರುಮಾಡಿದ ಇಎಫ್‌ಐ ಮುಂದೆ 2005ರಲ್ಲಿ ಹಲವು ಕಂಪನಿಗಳ ಕೂಟದ ಕೈಗೆ ಬಂದು ಯುಇಎಫ್‌ಐ ಆಯಿತು. ನಾವು ಬಾಯಿಮಾತಿಗೆ ಬಯಾಸ್ ಎನ್ನುತ್ತಲೇ ಇದ್ದೇವೆ, ಒಳಗಿರುವುದು ಯುಇಎಫ್‌ಐ.

ಸಿಎಸ್‌ಎಂ ಈ ಎರಡರ ನಡುವಿನ ದುಭಾಷಿ. ಹಳೆಯ ಡಿಸ್ಕ್, ಹಳೆಯ ವಿಂಡೋಸ್, ಹಳೆಯ ಕಾರ್ಡ್ ಯಾವುದು ಬಂದರೂ ಅದರ ಭಾಷೆಯಲ್ಲೇ ಮಾತಾಡಲಿ ಎಂದು ಹೊಸ ಬೋರ್ಡುಗಳಲ್ಲಿ ಇಟ್ಟದ್ದು. 2020ರ ಹೊತ್ತಿಗೆ ಇದನ್ನು ಪೂರ್ತಿ ಕೈಬಿಡುತ್ತೇವೆ ಎಂದು ಇಂಟೆಲ್ 2017ರಲ್ಲೇ ಹೇಳಿತ್ತು. ಡಿಸ್ಕಿನ ಭಾಗಗಳನ್ನು ಗುರುತಿಸಿಡಲು ಎರಡು ವಿಧಾನ, ಹಳೆಯದು ಎಂಬಿಆರ್, ಹೊಸದು ಜಿಪಿಟಿ. ನನ್ನ ಎಸ್‌ಎಸ್‌ಡಿ ಹಳೆಯ ಎಂಬಿಆರ್ ವಿಧಾನದ್ದು, ಅದು ಬೂಟ್ ಆಗಲು ಸಿಎಸ್‌ಎಂ ಆನ್ ಇರಲೇಬೇಕಿತ್ತು. ಆನ್ ಇದ್ದಾಗ ಬೋರ್ಡ್ ಕಾರ್ಡನ್ನೂ ಹಳೆಯ ದಾರಿಯಲ್ಲೇ ಎಬ್ಬಿಸಲು ನೋಡುತ್ತದೆ. 1050 ಟಿಐ ಎರಡೂ ದಾರಿ ಬಲ್ಲದ್ದು. ಹೊಸ ಕಾರ್ಡಿಗೆ ಆ ಹಳೆಯ ದಾರಿ ಸರಿಬರಲಿಲ್ಲ. ಅಂಗಡಿಯ ಬೋರ್ಡಿನಲ್ಲಿ ಆ ದಾರಿಯ ಗೊಡವೆಯೇ ಇರಲಿಲ್ಲ, ತಕ್ಷಣ ಬಂತು. ಯಜಮಾನರು ವಿಂಡೋಸ್ ಬಗ್ಗೆ ಕೇಳಿದ್ದು ಯಾಕೆ ಎಂದು ಆಗ ಗೊತ್ತಾಯಿತು. ಡಿಸ್ಕಿಗಾಗಿ ಇಟ್ಟ ಸೆಟ್ಟಿಂಗ್ ಕಾರ್ಡಿಗೆ ಅಡ್ಡ ಬಂದಿತ್ತು.

ಇಂಥ ಜಗಳ ಹೊಸದೇನಲ್ಲ. ಡಿಸ್ಪ್ಲೇಪೋರ್ಟ್ 1.3, 1.4 ಮಾನಿಟರುಗಳಿಗೆ ಮ್ಯಾಕ್ಸ್‌ವೆಲ್, ಪಾಸ್ಕಲ್ ಪೀಳಿಗೆಯ ಕಾರ್ಡುಗಳನ್ನು ಜೋಡಿಸಿದಾಗ ವಿಂಡೋಸ್ ಬರುವ ತನಕ ಸ್ಕ್ರೀನ್ ಕಪ್ಪಾಗಿರಬಹುದು ಎಂದು ಎನ್‌ವಿಡಿಯಾ 2018ರಲ್ಲಿ ಕಾರ್ಡಿನ ಫರ್ಮ್‌ವೇರ್ ಸರಿಪಡಿಸುವ ಒಂದು ಟೂಲನ್ನೇ ಬಿಟ್ಟಿತ್ತು. ಕಾರ್ಡನ್ನು ನೆಟ್ಟಗೆ ನಿಲ್ಲಿಸಲು ಸ್ಲಾಟಿನಿಂದ ಕಾರ್ಡಿಗೆ ರೈಸರ್ ಕೇಬಲ್ ಹಾಕುವವರಿಗೆ ಇನ್ನೊಂದು ಕಾಟ. ಕೇಬಲ್ ಪಿಸಿಐ ಎಕ್ಸ್‌ಪ್ರೆಸ್ 3.0 ವೇಗದ್ದು, ಬೋರ್ಡು ಮತ್ತು ಕಾರ್ಡು 4.0 ಆಗಿದ್ದರೆ ಡಿಸ್ಪ್ಲೇ ಬರದೇ ಹೋಗಬಹುದು, ಬಯಾಸ್‌ನಲ್ಲಿ ಸ್ಲಾಟಿನ ವೇಗವನ್ನು ಜೆನ್ 3ಕ್ಕೆ ಇಳಿಸಿದರೆ ಬರುತ್ತದೆ. ಅಗ್ಗದ ಕೆಲವು ಡಿಸ್ಪ್ಲೇಪೋರ್ಟ್ ಕೇಬಲ್ಲುಗಳಲ್ಲಿ 20ನೇ ಪಿನ್ನನ್ನೂ ಜೋಡಿಸಿಬಿಟ್ಟಿರುತ್ತಾರೆ, ಅದು ಜೋಡಿಸಬಾರದ ಪವರ್ ಪಿನ್. ಮಾನಿಟರಿನ ಕರೆಂಟ್ ಕಾರ್ಡಿಗೆ ನುಗ್ಗಿ ಯಂತ್ರ ಏಳದೇ ಹೋಗಬಹುದು. ಇವೆಲ್ಲದರಲ್ಲೂ ಕಾರ್ಡ್ ಸತ್ತಿರುವುದಿಲ್ಲ.

ಹಳೆಯ ಕಾರ್ಡ್ ಹಾಕಿ ವಿಂಡೋಸ್ ತೆರೆದು, ರನ್ ಡಬ್ಬಿಯಲ್ಲಿ ‘ಎಂಎಸ್‌ಇನ್‌ಫೋ32’ ಹೊಡೆದೆ. ‘ಬಯಾಸ್ ಮೋಡ್’ ಎಂಬುದರ ಎದುರು ‘ಲೆಗಸಿ’ ಎಂದಿತ್ತು. ಯಜಮಾನರ ಊಹೆ ಸರಿ.

ಮೊದಲು ಬಯಾಸ್ ಅಪ್‌ಡೇಟ್. ಬೋರ್ಡಿನ ಹೆಸರಿನ ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಬೇರೆ ಫೈಲು, ಆದ್ದರಿಂದ ಬೋರ್ಡಿನ ಮೇಲೆ ಅಚ್ಚಾದ ಹೆಸರನ್ನೇ ಟಾರ್ಚ್ ಹಿಡಿದು ಓದಿಕೊಂಡೆ. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಫೈಲ್ ಹಾಕಿದೆ. ನಡುವೆ ಕರೆಂಟ್ ಹೋದರೆ ಬೋರ್ಡ್ ನಿಜವಾಗಿ ಕೈಕೊಡುತ್ತದೆ. ಸಂಜೆ ಮಳೆ ಬಂದರೆ ನಮ್ಮ ಬೀದಿಯಲ್ಲಿ ಕರೆಂಟ್ ಇರುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ. ಹಾಗಾಗಿ ಬೆಳಿಗ್ಗೆ, ಯುಪಿಎಸ್ ತುಂಬಿದೆ ಎಂದು ನೋಡಿಕೊಂಡು, ಮನೆಯವಳಿಗೆ ಮಿಕ್ಸಿ ಹಾಕಬೇಡ ಎಂದು ಹೇಳಿ ಕೂತೆ. “ಮಿಕ್ಸಿಗೂ ಕಂಪ್ಯೂಟರಿಗೂ ಏನ್ರೀ?” ಎಂದಳು. ಏನೂ ಇಲ್ಲ, ಭಯ ಅಷ್ಟೇ.

ಅಪ್‌ಡೇಟ್ ಆಯಿತು. ಸಿಎಸ್‌ಎಂ ಮುಟ್ಟದೆ ಹೊಸ ಕಾರ್ಡ್ ಹಾಕಿ ನೋಡಿದೆ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಮತ್ತದೇ ವಿಜಿಎ ದೀಪ.

ಸರಿ, ಡಿಸ್ಕಿಗೇ ಕೈ ಹಾಕಬೇಕು. ಎಂಬಿಆರ್ ಡಿಸ್ಕನ್ನು ಒಳಗಿನದು ಅಳಿಸದೆ ಜಿಪಿಟಿಗೆ ಬದಲಿಸುವ ‘ಎಂಬಿಆರ್2ಜಿಪಿಟಿ’ ಎಂಬ ಟೂಲ್ 2017ರ 1703 ಆವೃತ್ತಿಯಿಂದ ವಿಂಡೋಸ್ 10ರ ಜೊತೆಗೇ ಬರುತ್ತದೆ. ಅಳಿಸುವುದಿಲ್ಲ ಎಂದು ಮೈಕ್ರೊಸಾಫ್ಟ್ ಹೇಳಿದರೂ, ಅದನ್ನು ನಂಬಿ ಬ್ಯಾಕಪ್ ಇಲ್ಲದೆ ಒತ್ತುವಷ್ಟು ಧೈರ್ಯ ನನ್ನ ಕಸುಬಿನವರಿಗೆ ಇರುವುದಿಲ್ಲ. ಧಾರೆಯನ್ನು ಎರಡನೇ ಸಲ ಎರೆಸಿ ಶೂಟ್ ಮಾಡಲಾಗುವುದಿಲ್ಲವಲ್ಲ. ಮದುವೆಗಳ ಮೂಲ ಫೈಲುಗಳು ಬೇರೆ ಡಿಸ್ಕುಗಳಲ್ಲಿದ್ದವು, ಅವುಗಳ ಕೇಬಲನ್ನೇ ಕಿತ್ತಿಟ್ಟೆ. ಎಸ್‌ಎಸ್‌ಡಿಯಲ್ಲಿದ್ದ ಪ್ರಾಜೆಕ್ಟ್ ಫೈಲುಗಳನ್ನು ಹೊರಗಿನ ಡ್ರೈವಿಗೆ ನಕಲು ಮಾಡಿದೆ.

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಮೊದಲು ಪರೀಕ್ಷೆ ಮಾತ್ರ ಮಾಡುವ ‘ವ್ಯಾಲಿಡೇಟ್’ ಆಯ್ಕೆ ಕೊಟ್ಟೆ. ವಿಂಡೋಸ್ ಒಳಗಿನಿಂದಲೇ ಓಡಿಸುವುದಾದರೆ ‘ಅಲೋಫುಲ್‌ಒಎಸ್’ ಎಂಬ ಮಾತನ್ನೂ ಸೇರಿಸಬೇಕು. ಆಗುವುದಿಲ್ಲ ಎಂದಿತು. ಈ ಟೂಲಿಗೆ ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇರಬಾರದು. ನನ್ನದರಲ್ಲಿ ಸಿಸ್ಟಂ ರಿಸರ್ವ್ಡ್, ಸಿ, ಡಿ, ರಿಕವರಿ ಎಂದು ನಾಲ್ಕು. ಡಿ ಡ್ರೈವಿನಲ್ಲಿದ್ದದ್ದೆಲ್ಲ ಆಗಲೇ ನಕಲಾಗಿತ್ತು, ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಅದನ್ನು ಅಳಿಸಿದೆ. ಮತ್ತೆ ವ್ಯಾಲಿಡೇಟ್ ಕೊಟ್ಟರೆ ಪಾಸು. ‘ಕನ್ವರ್ಟ್’ ಕೊಟ್ಟು ಬೆರಳು ಮಡಚಿಕೊಂಡು ಕೂತೆ. ಕಾಫಿ ಆರುವಷ್ಟರಲ್ಲಿ ಮುಗಿಯಿತು.

ಈಗ ಡಿಸ್ಕ್ ಹಳೆಯ ದಾರಿಯಲ್ಲಿ ಬೂಟ್ ಆಗುವುದಿಲ್ಲ, ಹಿಂದೆ ಹೋಗುವ ಮಾತಿಲ್ಲ. ರೀಸ್ಟಾರ್ಟ್ ಮಾಡಿ ಬಯಾಸ್‌ಗೆ ಹೋಗಿ ಸಿಎಸ್‌ಎಂ ತೆಗೆದು, ಹಳೆಯ ಕಾರ್ಡಿನಲ್ಲೇ ಒಮ್ಮೆ ವಿಂಡೋಸ್ ಬರುತ್ತದಾ ನೋಡಿದೆ. ಬಂತು. ಇಲ್ಲಿ ಒಂದು ಅಪಾಯವಿದೆ. ಜಿಒಪಿ ಗೊತ್ತಿಲ್ಲದಷ್ಟು ಹಳೆಯ ಕಾರ್ಡ್ ಹಾಕಿಕೊಂಡು ಸಿಎಸ್‌ಎಂ ತೆಗೆದರೆ ಸ್ಕ್ರೀನ್ ಕಪ್ಪಾಗಿ ಬಯಾಸ್ ಕೂಡ ಕೈಗೆ ಸಿಗದ ಹಾಗಾಗುತ್ತದೆ. ಆಗ ಮೇನ್ ಸ್ವಿಚ್ ಆಫ್ ಮಾಡಿ ವೈರ್ ಕಿತ್ತು, ಬೋರ್ಡಿನ ಕ್ಲಿಯರ್ ಸಿಮಾಸ್ ಪಿನ್ನುಗಳನ್ನು ಮುಟ್ಟಿಸಬೇಕು, ಇಲ್ಲವೇ ಸಿಆರ್2032 ಬಿಲ್ಲೆ ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಬೇಕು. 1050 ಟಿಐ ನನ್ನನ್ನು ಅದರಿಂದ ಉಳಿಸಿತು.

ಆಫ್ ಮಾಡಿ, ಹೊಸ ಕಾರ್ಡ್ ಕೂರಿಸಿ, 8 ಪಿನ್ ಚುಚ್ಚಿ, ಬಟನ್ ಒತ್ತಿದೆ. ವಿಜಿಎ ದೀಪ ಹತ್ತಿತು. ಆರಿತು. ಬೂಟ್ ದೀಪ ಹತ್ತಿತು. ಮಾನಿಟರಿನಲ್ಲಿ ಬೋರ್ಡಿನ ಲೋಗೊ. ಇಷ್ಟು ದಿನ ಕಣ್ಣು ಕುಕ್ಕುತ್ತದೆ ಎಂದು ಬೈದುಕೊಂಡಿದ್ದ ಆ ಲೋಗೊ ಅವತ್ತು ಮುದ್ದಾಗಿ ಕಂಡಿತು.

ಡ್ರೈವರ್ ಹಾಕಿ, ಬಯಾಸ್ ಅಪ್‌ಡೇಟಿನಲ್ಲಿ ಅಳಿಸಿಹೋಗಿದ್ದ ರ‍್ಯಾಮಿನ ಎಕ್ಸ್‌ಎಂಪಿ ವೇಗವನ್ನು ಮತ್ತೆ ಕೊಟ್ಟೆ. ಸಿಎಸ್‌ಎಂ ಹೋದದ್ದರಿಂದ, ಮೊದಲು ಮುಟ್ಟಲಾಗದಿದ್ದ, ಕಾರ್ಡಿನ ಮೆಮೊರಿಯನ್ನೆಲ್ಲ ಒಟ್ಟಿಗೆ ಬಳಸಲು ಪ್ರೊಸೆಸರಿಗೆ ಬಿಡುವ ರಿಸೈಜಬಲ್ ಬಾರ್ ಕೂಡ ಆನ್ ಮಾಡಲು ಸಿಕ್ಕಿತು. ನನ್ನ ಬೋರ್ಡಿನ ಸ್ಲಾಟ್ 3.0, ಕಾರ್ಡಿನ ಪೂರ್ತಿ ವೇಗ ಇದರಲ್ಲಿ ಸಿಗುವುದಿಲ್ಲ ಎಂದು ಕೆಲವರು ಹೆದರಿಸಿದ್ದರು. ಮದುವೆಯ ಟೈಮ್‌ಲೈನಿಗೆ ಆ ವ್ಯತ್ಯಾಸ ನನ್ನ ಕಣ್ಣಿಗಂತೂ ಕಾಣಲಿಲ್ಲ. ಊಟದ ಹಾಲಿನ ಅದೇ ಶಾಟಿಗೆ ನಾಯ್ಸ್ ರಿಡಕ್ಷನ್ ಹಾಕಿ ಪ್ಲೇ ಒತ್ತಿದೆ, ಮೆಮೊರಿ ಸಾಲದು ಎಂಬ ಗೊಣಗಾಟವಿಲ್ಲದೆ ಓಡಿತು.

ಅಂಗಡಿಗೆ ಫೋನ್ ಮಾಡಿ ವಿಷಯ ಹೇಳಿದೆ, ಕಾಂಬೋ ಬೇಡ ಎಂದೂ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ.

“ಸರ್, ನಿಮ್ದು ಬಿ450 ಅಲ್ವಾ?”

“ಹೌದು.”

“ಇಲ್ಲೊಬ್ರು ಇದೇ ಕಾರ್ಡು ಆರ್‌ಎಂಎಗೆ ಅಂತ ಇಟ್ಟೋಗವ್ರೆ. ಅವ್ರದ್ದೂ ಬಿ450. ಇನ್ನೂ ಕಳ್ಸಿಲ್ಲ. ಆ ಡಿಸ್ಕ್ ಕನ್ವರ್ಟ್ ಮಾಡೋದು ಹೆಂಗೆ ಅಂತ ಒಂಚೂರು ವಾಟ್ಸಾಪಲ್ಲಿ ಹಾಕಿ ಸರ್.”

ಹಾಕಿದೆ. ಬ್ಯಾಕಪ್ ತೆಗೆದುಕೊಳ್ಳುವ ಸಾಲನ್ನು ಎರಡು ಸಲ ಬರೆದೆ.